ಅರ್ಥವಾಗುವ ಒಂದೇ ನೋಟಿಸು

ಕೂಗು ಕೇಳಿಸಿದಾಗ ಹನ್ನೊಂದು ಗಂಟೆ ನಲವತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಮಹಡಿಯ ತರಗತಿಯಲ್ಲಿ ಅಭ್ಯಾಸಕ್ಕೆಂದು ನಾನು ಕೊಟ್ಟಿದ್ದ ಹತ್ತು ನಿಮಿಷ ಆಗಷ್ಟೇ ಮುಗಿದಿತ್ತು.

ಮೊದಲು ಹೆಂಗಸಿನ ಕೂಗು. ಆಮೇಲೆ ಸೈರನ್. ಆಮೇಲೆ ಮೆಟ್ಟಿಲ ಮೇಲೆ ದಡದಡ ಕಾಲಿನ ಸದ್ದು. ನಾವೂ ಕೆಳಗೆ ಓಡಿದೆವು.

ಅದು ದೊಡ್ಡ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಸಾಲಾಗಿ ಆರು ಯಂತ್ರ. ಒಂದೊಂದರ ಡ್ರಮ್ಮಿನೊಳಗೂ ಒಬ್ಬರು ಬಗ್ಗಿ ನಿಲ್ಲುವಷ್ಟು ಜಾಗ. ಮೂರನೆಯದರ ಬಾಗಿಲಿಂದ ಬಿಳಿ ಆವಿ ನುಗ್ಗುತ್ತಿತ್ತು. ಇಬ್ಬರು ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ಒಳಗಿದ್ದ ಹೆಂಗಸನ್ನು ಎಳೆದರು. ಡ್ರಮ್ಮಿಗೆ ಅಂಟಿದ ನೂಲು, ನಾರು ಕೆರೆಯಲು ಒಳಗೆ ಹೋಗಿದ್ದಳು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಜೀವ ಹೋಗಿತ್ತು.

ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಿಂದಿನ ಬಾಯ್ಲರ್ ಕೋಣೆಯಿಂದ ಓಡಿ ಬಂದವನೂ "ಅಕ್ಕಾ" ಎಂದೇ ಕೂಗಿದ. ಆದರೆ ಅವನು ಒಡಹುಟ್ಟಿದ ತಮ್ಮ. ಬಾಯ್ಲರ್ ಆಪರೇಟರ್. ಕೈಯಲ್ಲಿ ಇನ್ನೂ ಎಣ್ಣೆ ಬಟ್ಟೆ ಇತ್ತು.

"ನಾನೇ ಬಿಟ್ಟಿದ್ದು. ಸ್ಟೀಮ್ ನಾನೇ ಬಿಟ್ಟಿದ್ದು."

ಅದನ್ನೇ ಮೂರು ಸಲ ಹೇಳಿದ. ಮೂರನೆಯ ಸಲ ಹೇಳುವಾಗ ಇನ್ಸ್‌ಪೆಕ್ಟರ್ ಬಂದು ನಿಂತಿದ್ದರು.

*

ನಾನು ಪೊಲೀಸಿನವಳಲ್ಲ. ಕಂಪನಿಗಳಿಗೆ ಹೋಗಿ ನೋಟಿಸು, ಪತ್ರ, ಮೆಸೇಜು ಬರೆಯುವುದನ್ನು ಕಲಿಸುತ್ತೇನೆ. ಓದಿದವನಿಗೆ ಅರ್ಥವಾಗುವಂತೆ ಬರೆಯಿರಿ ಎಂದು ಹೇಳುವುದಕ್ಕೂ ಒಬ್ಬಳು ಬೇಕೇ ಎಂದು ನಗುವವರಿದ್ದಾರೆ. ಅಂಥವರು ತಮ್ಮ ಕಚೇರಿಯ ನೋಟಿಸ್ ಬೋರ್ಡ್ ಒಮ್ಮೆ ಓದಿ ನೋಡಲಿ.

ಅಂದು ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಯ ಮಹಡಿಯಲ್ಲಿ ನನ್ನ ಪಾಠ ಶುರುವಾಗಿತ್ತು. ಎದುರಿಗೆ ಮೂವರು. ಎರಡು ತಿಂಗಳ ಹಿಂದೆ ಬಂದ ಮ್ಯಾನೇಜರ್. ಇಪ್ಪತ್ತು ವರ್ಷ ಯಂತ್ರಗಳ ನಡುವೆಯೇ ಕಳೆದ ಸೂಪರ್‌ವೈಸರ್. ಕಚೇರಿ ನೋಡಿಕೊಳ್ಳುವ ಆಡಳಿತಾಧಿಕಾರಿ. ಈ ಕೊನೆಯವರು ಹೆಂಗಸು, ಮಾತು ಕಡಿಮೆ.

ಇನ್ಸ್‌ಪೆಕ್ಟರ್ ಅದೇ ಕೋಣೆಯಲ್ಲಿ ಎಲ್ಲರ ಹೇಳಿಕೆ ಬರೆಸಿಕೊಂಡರು. ಮಧ್ಯಾಹ್ನ ಎರಡಕ್ಕೆ ಅವರ ಮಟ್ಟಿಗೆ ಕೇಸು ಮುಗಿದಿತ್ತು. ಆಪರೇಟರ್ ಒಪ್ಪಿಕೊಂಡಿದ್ದ. ಜೊತೆಗೆ ಮ್ಯಾನೇಜರ್ ಒಂದು ಕಾಗದ ತಂದು ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ಎಂಟಕ್ಕೇ ನೋಟಿಸ್ ಹಾಕಿದ್ವಿ ಸರ್. ಬಾಯ್ಲರ್ ರೂಮಿನ ಬೋರ್ಡಲ್ಲೇ ಇತ್ತು. ಓದಿದೀನಿ ಅಂತ ರಿಜಿಸ್ಟರಲ್ಲಿ ಅವನ ಸೈನೂ ಇದೆ. ನೋಡಿ."

ಇನ್ಸ್‌ಪೆಕ್ಟರ್ ಓದಿ ನನ್ನ ಕಡೆ ತಳ್ಳಿದರು.

"ನೀವು ಇದರಲ್ಲಿ ಪಂಡಿತರಂತೆ. ಇದರಲ್ಲಿ ಅರ್ಥ ಆಗದೆ ಇರೋದು ಏನಾದ್ರೂ ಇದೆಯಾ?"

ನಾನು ಓದಿದೆ.

‘ಬಾಯ್ಲರ್ ಆಪರೇಟರ್‌ಗೆ. ಇಂದು 11:30ರಿಂದ 12:30ರವರೆಗೆ 3ನೇ ಯಂತ್ರಕ್ಕೆ ಸ್ಟೀಮ್ ಬಿಡಬೇಡಿ. ಯಂತ್ರದೊಳಗೆ ಜನ ಇರುತ್ತಾರೆ. ಸಂದೇಹವಿದ್ದರೆ, ಬಿಡುವ ಮೊದಲು ಕೇಳಿ. ಫೋನ್: 14.’

‘ಮೊದಲು’ ಎಂಬ ಪದದ ಕೆಳಗೆ ಗೆರೆ ಎಳೆದಿತ್ತು.

"ಇಲ್ಲ, ತುಂಬ ಚೆನ್ನಾಗಿದೆ" ಎಂದೆ.

"ಇಷ್ಟು ಬಿಡಿಸಿ ಬರೆದ್ರೂ ಓದಕ್ಕೆ ಬರದವನಿಗೆ ಏನ್ ಮಾಡಕ್ಕಾಗುತ್ತೆ ಸರ್?" ಎಂದರು ಮ್ಯಾನೇಜರ್. "ಏಳನೇ ಕ್ಲಾಸಿಗೇ ಬಿಟ್ಟೋನು. ಇಂಥವರ ಕೈಗೆ ಬಾಯ್ಲರ್ ಕೊಟ್ಟಿದ್ದೇ ನಮ್ಮ ತಪ್ಪು."

ಅಕ್ಕನನ್ನು ಕಳೆದುಕೊಂಡವನು ಕೆಳಗೆ ಜೀಪಿನಲ್ಲಿ ಕುಳಿತಿದ್ದಾನೆ. ಇವರು ಅವನ ಓದಿನ ಲೆಕ್ಕ ತೆಗೆಯುತ್ತಿದ್ದಾರೆ. ನನಗೆ ಮೈ ಉರಿಯಿತು.

"ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸ್ತೀನಿ. ನಿರ್ಲಕ್ಷ್ಯದಿಂದ ಸಾವು. ಒಪ್ಪಿಕೊಂಡಿದಾನೆ, ಜೈಲೇ" ಎಂದು ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿದರು.

ಆ ನೋಟಿಸಿಗೆ ನಾನು ನೂರಕ್ಕೆ ನೂರು ಕೊಡುತ್ತಿದ್ದೆ. ನನ್ನ ತಲೆಯೊಳಗೆ ಹುಳ ಬಿಟ್ಟದ್ದು ಆ ನೂರೇ. ಮೂವತ್ತು ವರ್ಷದಲ್ಲಿ ಯಾವ ಕಂಪನಿಯ ನೋಟಿಸಿಗೂ ನಾನು ಅಷ್ಟು ಕೊಟ್ಟಿಲ್ಲ.

*

"ಬಾಯ್ಲರ್ ರೂಮಿನ ಬೋರ್ಡ್ ನೋಡಬಹುದಾ?" ಎಂದು ಕೇಳಿದೆ.

"ಯಾಕೆ?"

"ಐದು ನಿಮಿಷ, ಅಷ್ಟೇ."

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ಗೊಣಗಿದರೂ ಬಂದರು.

ಬಾಯ್ಲರ್ ಕೋಣೆ ಹಿಂದುಗಡೆ. ಅಲ್ಲಿಂದ ಯಂತ್ರಗಳು ಕಾಣುವುದಿಲ್ಲ. ಗೋಡೆಯ ಮೇಲೆ ಆರು ಕೆಂಪು ಚಕ್ರ, ಒಂದೊಂದು ಯಂತ್ರಕ್ಕೆ ಒಂದೊಂದು ವಾಲ್ವ್. ಪಕ್ಕದಲ್ಲಿ ಮೆಸೇಜು ತೋರಿಸುವ ಸಣ್ಣ ಪರದೆ. ಅದರಾಚೆ ಬೋರ್ಡು. ಬೋರ್ಡಿನ ಮೇಲೆ ಹದಿನೇಳು ನೋಟಿಸು. ಒಂದನ್ನು ಗಟ್ಟಿಯಾಗಿ ಓದಿದೆ.

"‘ಈ ಮೂಲಕ ಸಮಸ್ತ ಸಿಬ್ಬಂದಿ ವರ್ಗದವರ ಅವಗಾಹನೆಗೆ ತರಬಯಸುವುದೇನೆಂದರೆ, ಶೌಚಾಲಯದ ಬಳಕೆಯ ಸಂಬಂಧವಾಗಿ ಈ ಹಿಂದೆ ಹೊರಡಿಸಲಾದ ಸೂಚನೆಯನ್ವಯ ಕೈಗೊಳ್ಳಬೇಕಾದ ಕ್ರಮಗಳ ಕುರಿತು ಸೂಕ್ತ ರೀತಿಯಲ್ಲಿ ಪರಾಮರ್ಶಿಸಲಾಗಿ...’ ಇದರಲ್ಲಿ ಏನು ಹೇಳಿದಾರೆ, ಹೇಳಿ ಸರ್."

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. "ಶೌಚಾಲಯಕ್ಕೆ ಹೋಗಿ ಅಂತಲೋ, ಹೋಗಬೇಡಿ ಅಂತಲೋ?"

"ಹೋದ ಮೇಲೆ ನೀರು ಬಿಡಿ ಅಂತ. ಹನ್ನೆರಡನೇ ಸಾಲಲ್ಲಿದೆ."

"ನಮ್ಮ ಇಲಾಖೆ ಸುತ್ತೋಲೆ ಓದಿದ ಹಾಗಾಯ್ತು."

"ಹದಿನೇಳೂ ಹೀಗೇ ಇವೆ. ಹದಿನೆಂಟನೇದು ಮಾತ್ರ ಮುತ್ತು ಪೋಣಿಸಿದ ಹಾಗೆ. ಯಾರಿಗೆ, ಏನು ಮಾಡಬೇಕು, ಯಾಕೆ, ಸಂದೇಹ ಬಂದ್ರೆ ಯಾರನ್ನ ಕೇಳಬೇಕು. ನಾಲ್ಕು ನಿಯಮ, ಅದೇ ಕ್ರಮದಲ್ಲಿ. ಇವತ್ತು ನಾನು ಕಲಿಸಿದ್ದು ಇದೇ ನಾಲ್ಕು. ಪಾಠದ ಬೋರ್ಡ್ ಮೇಲೆ ‘ಮಾಡುವ ಮೊದಲು ಕೇಳಿ’ ಅಂತ ಬರೆದು ‘ಮೊದಲು’ ಅನ್ನೋದರ ಕೆಳಗೆ ಗೆರೆ ಎಳೆದವಳು ನಾನು. ಎಳೆದದ್ದು ಹನ್ನೊಂದು ಇಪ್ಪತ್ತಕ್ಕೆ. ಬೆಳಿಗ್ಗೆ ಎಂಟಕ್ಕೆ ಬರೆದ ನೋಟಿಸಿಗೆ ಆ ಗೆರೆ ಎಲ್ಲಿಂದ ಬಂತು?"

ಇನ್ಸ್‌ಪೆಕ್ಟರ್ ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದರು.

"ಅಂದ್ರೆ ಸತ್ತ ಮೇಲೆ ಬರೆದಿದಾರೆ ಅಂತೀರಾ?"

"ಬದುಕಿದ್ದಾಗ ಅವಳಿಗೋಸ್ಕರ ನಾಲ್ಕು ಸಾಲು ಬರೆಯಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ."

"ಸೈನು?"

"ಅವನನ್ನೇ ಕೇಳೋಣ."

*

ಆಪರೇಟರ್ ಜೀಪಿನ ಹಿಂದಿನ ಸೀಟಿನಲ್ಲಿ ಕೈ ಕಟ್ಟಿ ಕುಳಿತಿದ್ದ. ನಲವತ್ತರ ಆಸುಪಾಸು. ಕಣ್ಣು ಒಣಗಿತ್ತು.

"ಈ ನೋಟಿಸು ನೋಡಿದ್ರಾ?"

ಅವನು ಬೆರಳಿಟ್ಟು ಒಂದೊಂದೇ ಪದ ಓದಿದ. ನಿಧಾನವಾಗಿ, ಒಂದೂ ತಪ್ಪಿಲ್ಲದೆ. ಓದಿ ಮುಗಿಸಿ ತಲೆ ಅಲ್ಲಾಡಿಸಿದ.

"ಇದು ಬೋರ್ಡಲ್ಲಿ ಇರ್ಲಿಲ್ಲ ಮೇಡಂ. ಇದ್ದಿದ್ರೆ ನಾನ್ಯಾಕೆ ಬಿಡ್ತಿದ್ದೆ?"

"ಸೈನು ನಿಮ್ಮದೇ ಅಲ್ವಾ?"

"ನಂದೇ. ಬೆಳಿಗ್ಗೆ ಬಂದ ತಕ್ಷಣ ರಿಜಿಸ್ಟರಿಗೆ ಎಲ್ಲರೂ ಸೈನ್ ಹಾಕ್ತೀವಿ. ನೋಟಿಸ್ ನಂಬರ್ ಆಮೇಲೆ ಆಫೀಸಲ್ಲಿ ಬರ್ಕೋತಾರೆ."

ಖಾಲಿ ಜಾಗದ ಮುಂದೆ ಸಹಿ! ಓದಿದ್ದೇನೆ, ತಿಳಿದುಕೊಂಡಿದ್ದೇನೆ ಎಂದು. ಏನನ್ನು ಎನ್ನುವುದು ಸಾಯಂಕಾಲ ಗೊತ್ತಾಗುತ್ತದೆ.

"ಹಾಗಾದ್ರೆ ಸ್ಟೀಮ್ ಯಾಕೆ ಬಿಟ್ಟೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮೆಸೇಜ್ ಬಂತು ಸರ್. ಪರದೆ ಮೇಲೆ. ‘3ನೇ ಯಂತ್ರದ ವಾಲ್ವ್ ಹಾಕಿ’ ಅಂತ. ಎರಡು ಸಲ ಓದ್ದೆ. ಹಾಕ್ದೆ."

"ಹಾಕಿ ಅಂದ್ರೆ ಮುಚ್ಚು ಅಂತಲೂ ಆಗುತ್ತಲ್ಲಪ್ಪ. ಬಾಗಿಲು ಹಾಕು ಅನ್ನಲ್ವಾ?"

ಅವನ ಮುಖ ಕಪ್ಪಿಟ್ಟಿತು. "ನಾವು ಸ್ಟೀಮ್ ಹಾಕು ಅಂದ್ರೆ ಬಿಡು ಅಂತಲೇ ಸರ್, ಲೈಟ್ ಹಾಕು ಅಂದ ಹಾಗೆ. ಅದೂ ಅಲ್ದೆ ಆಗ ವಾಲ್ವ್ ಎಲ್ಲಾ ಮುಚ್ಚೇ ಇತ್ತು. ದಿನಾ ಹನ್ನೊಂದಕ್ಕೆ ಬಾಯ್ಲರ್ ತಳದ ಕೆಸರು ಹೊರಗೆ ಬಿಡ್ತೀನಿ, ಆಗ ಆರೂ ವಾಲ್ವ್ ಮುಚ್ಚಿರ್ತೀನಿ. ಮುಚ್ಚಿರೋದನ್ನ ಮುಚ್ಚು ಅಂತ ಯಾರಾದ್ರೂ ಹೇಳ್ತಾರಾ? ಅದಕ್ಕೇ ಬಿಡು ಅಂತಲೇ ಅಂದ್ಕೊಂಡೆ. ಆದ್ರೂ... ಓದು ಕಮ್ಮಿ ನಂದು. ನಾನೇ ತಪ್ಪು ಓದಿರ್ಬೇಕು."

ನಾವು ವಾಪಸ್ ಹೋಗಿ ಪರದೆ ನೋಡಿದೆವು. ಹನ್ನೊಂದು ಮೂವತ್ತೆರಡಕ್ಕೆ ‘ಕಚೇರಿ’ ಎಂಬ ಹೆಸರಿನಿಂದ ಒಂದು ಮೆಸೇಜು ಬಂದಿತ್ತು. ಅದರ ಜಾಗದಲ್ಲಿ ಈಗ ಇದ್ದದ್ದು ಒಂದೇ ಸಾಲು: ‘ಈ ಸಂದೇಶವನ್ನು ಅಳಿಸಲಾಗಿದೆ.’

ಅಳಿಸಲಾಗಿದೆ. ಯಾರು ಅಳಿಸಿದರು? ಈ ‘ಲಾಗಿದೆ’ ಎನ್ನುವುದರ ಹಿಂದೆ ಎಷ್ಟು ಜನ ಅಡಗಿ ಕುಳಿತಿದ್ದಾರೋ! ಪರಿಶೀಲಿಸಲಾಗಿದೆ, ಕ್ರಮ ಕೈಗೊಳ್ಳಲಾಗಿದೆ, ವಿಷಾದಿಸಲಾಗಿದೆ. ಮಾಡಿದವನು ಮಾತ್ರ ಎಲ್ಲಿಯೂ ಇಲ್ಲ. ಈ ಒಂದು ಕ್ರಿಯಾಪದದ ವಿರುದ್ಧ ನಾನು ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಅಂದು ಅದು ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಲು ಹೊರಟಿತ್ತು.

"‘ಕಚೇರಿ’ ಅನ್ನೋ ಹೆಸರಿಂದ ಯಾರು ಮೆಸೇಜ್ ಹಾಕಬಹುದು?"

ಇನ್ಸ್‌ಪೆಕ್ಟರ್ ಆಗಲೇ ವಿಚಾರಿಸಿದ್ದರು. "ಮೂವರ ಫೋನಲ್ಲೂ ಇದೆ. ನಿಮ್ಮ ಮೂವರು ವಿದ್ಯಾರ್ಥಿಗಳು. ಯಾವ ಫೋನು ಅಂತ ಮೆಸೇಜ್ ಕಂಪನಿಯವರು ಹೇಳಬೇಕು. ಹದಿನೈದು ದಿನ ಬೇಕಂತೆ. ಅಷ್ಟರಲ್ಲಿ ಇವನು ಒಳಗಿರ್ತಾನೆ."

*

ಇನ್ಸ್‌ಪೆಕ್ಟರಿಗೆ ಮೊದಲು ಅನುಮಾನ ಬಂದದ್ದು ಸೂಪರ್‌ವೈಸರ್ ಮೇಲೆ. ಹೋದ ವಾರ ರಜೆಯ ವಿಷಯಕ್ಕೆ ಅವನಿಗೂ ಆಪರೇಟರಿಗೂ ಜಟಾಪಟಿ ನಡೆದಿತ್ತು. ಹತ್ತು ಜನ ಕೇಳಿದ್ದರು.

"ಜಗಳ ಆಡಿದ್ವಿ, ನಿಜ" ಎಂದ ಸೂಪರ್‌ವೈಸರ್. "ಆ ಅಕ್ಕನ ಕೈಲೇ ಕೆಲಸ ಕಲ್ತೋನು ನಾನು. ಬೇಕಾದ್ರೆ ನನ್ನನ್ನೂ ಒಳಗೆ ಹಾಕಿ. ಅವನನ್ನ ಬಿಡಿ." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮುಖ ಒರೆಸಿಕೊಂಡ.

ಆಮೇಲೆ ಆಡಳಿತಾಧಿಕಾರಿ. ಅವರು ಹನ್ನೊಂದು ಹತ್ತಕ್ಕೆ ನನ್ನ ತರಗತಿಯಿಂದ ಎದ್ದು ಹೋಗಿದ್ದರು. ಸೈರನ್ ಆಗುವವರೆಗೂ ಬಂದಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದರೆ ಬ್ಯಾಂಕಿನ ಫೋನು ಎಂದರು. ಅರ್ಧ ಗಂಟೆ ಬ್ಯಾಂಕಿನವರ ಜೊತೆ ಯಾರು ಮಾತಾಡುತ್ತಾರೆ? ಇನ್ಸ್‌ಪೆಕ್ಟರ್ ಗದರಿದರು. ಆಕೆಯ ಕಣ್ಣಲ್ಲಿ ನೀರು ಬಂತು.

"ಬೇರೆ ಕಂಪನಿಗೆ ಇಂಟರ್‌ವ್ಯೂ ಸರ್. ಫೋನಲ್ಲೇ. ಟೆರೇಸ್ ಮೇಲೆ ನಿಂತು ಮಾತಾಡ್ದೆ. ದಯವಿಟ್ಟು ಮ್ಯಾನೇಜರಿಗೆ ಹೇಳಬೇಡಿ."

"ಆದ್ರೂ ಟೆರೇಸಿಂದ ಮೆಸೇಜ್ ಕಳಿಸಬಹುದು" ಎಂದರು ಇನ್ಸ್‌ಪೆಕ್ಟರ್, ಅವರು ಹೋದ ಮೇಲೆ.

"ಕಳಿಸಬಹುದು. ನೋಟಿಸು ಬರೆಯಕ್ಕಾಗಲ್ಲ. ನಾಲ್ಕನೇ ನಿಯಮ ಹೇಳಿದಾಗ ಅವರು ಕೋಣೆಯಲ್ಲೇ ಇರಲಿಲ್ಲ. ಹನ್ನೊಂದೂವರೆಗೆ ಬೋರ್ಡ್ ಒರೆಸಿಬಿಟ್ಟೆ. ‘ಮೊದಲು ಕೇಳಿ’ ಅನ್ನೋದು ಅವರಿಗೆ ಗೊತ್ತೇ ಇಲ್ಲ."

ಬೋರ್ಡ್ ಒರೆಸುವಾಗ ಮೇಜಿನ ಮೇಲಿದ್ದ ಎರಡು ಫೋನು ಒಟ್ಟಿಗೆ ಟಿಂಗ್ ಎಂದಿದ್ದವು. ಅದು ಕೆಳಗಿನಿಂದ ಅಕ್ಕ ಕಳಿಸಿದ್ದ ಮೆಸೇಜು: ಕ್ಲೀನಿಂಗ್ ಶುರು, ಸ್ಟೀಮ್ ನಿಲ್ಲಿಸಲು ಹೇಳಿ. ಇಬ್ಬರಲ್ಲಿ ಒಬ್ಬರು ಅದನ್ನು ನೋಡಿ ಬಾಯ್ಲರ್ ಕೋಣೆಗೆ ಮೆಸೇಜು ಕಳಿಸಿದ್ದರು. ನನ್ನ ಬೆನ್ನು ಅವರ ಕಡೆಗಿತ್ತು. ಆ ಬೆನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

"ಉಳಿದವರು ಇಬ್ಬರು. ಒಬ್ಬರಿಗೆ ‘ಹಾಕಿ’ ಅಂದ್ರೆ ಬಿಡು. ಮುಚ್ಚಿಸಕ್ಕೆ ‘ಹಾಕಿ’ ಅಂತ ಬರೆದ ಇನ್ನೊಬ್ಬರಿಗೆ ಮುಚ್ಚು. ಯಾರಿಗೆ ಯಾವುದು ಅಂತ ಗೊತ್ತಾದ್ರೆ ಸಾಕು" ಎಂದೆ.

"ಕೇಳಿದ್ರೆ ಹೇಳ್ತಾರಾ?"

"ಕೇಳೋದು ಬೇಡ."

ಆ ಕೋಣೆಯ ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ ಇದೆ. ನಾನು ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಂದು ಕುಳಿತೆ. ನೀರು ಭೋರೆಂದು ಸುರಿಯತೊಡಗಿತು.

*

ಮೊದಲು ಸೂಪರ್‌ವೈಸರನ್ನು ಮತ್ತೆ ಕರೆಸಿದೆವು. ಅವನು ಒಳಗೆ ಬಂದವನೇ ಸೀದಾ ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿಬಿಟ್ಟ. ಒಂದು ಮಾತಿಲ್ಲ. ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ನನ್ನ ಉಪಾಯ ನೀರಿನಲ್ಲಿ ಹೋಯಿತು.

"ಅಲ್ರೀ, ಕೆಳಗಡೆ ‘ಸ್ಟೀಮ್ ಹಾಕು’ ಅಂದ್ರೆ ಏನ್ ಮಾಡ್ತೀರಿ?" ಎಂದು ನೇರವಾಗಿ ಕೇಳಿದೆ.

"ಬಿಡ್ತೀವಿ" ಎಂದ, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ನಿಲ್ಸೋದಾದ್ರೆ ನಿಲ್ಸು ಅಂತೀವಿ. ಹಾಕು ಅಂದ್ರೆ ಕೈ ಸುಡುತ್ತೆ ಅಂತ ಹೊಸಬರಿಗೆ ಮೊದಲನೇ ದಿನವೇ ಹೇಳ್ತೀವಿ."

ಅವನು ಹೋದ ಮೇಲೆ ನಲ್ಲಿಯನ್ನು ಮತ್ತೆ ತಿರುಗಿಸಿದೆ. ಈ ಸಲ ಮ್ಯಾನೇಜರ್ ಬಂದರು. ಇಸ್ತ್ರಿ ಮಾಡಿದ ಅಂಗಿ. ಮುಖದಲ್ಲಿ ಸೂತಕದ ಗಾಂಭೀರ್ಯ. ಇನ್ಸ್‌ಪೆಕ್ಟರ್ ಬೇಕೆಂದೇ ಮೆಲ್ಲಗೆ ಮಾತು ತೆಗೆದರು. ಆಡಳಿತಾಧಿಕಾರಿ ಎಷ್ಟು ಹೊತ್ತಿಗೆ ಎದ್ದು ಹೋದರು, ಯಾಕೆ ಹೋದರು. ಮ್ಯಾನೇಜರ್ ಕಿವಿ ಮುಂದೆ ಮಾಡಿದರು. ಒಮ್ಮೆ "ಆಂ?" ಎಂದರು. ಇನ್ನೊಮ್ಮೆ "ಏನಂದ್ರಿ?" ಎಂದರು. ನೀರು ಸುರಿಯುತ್ತಲೇ ಇತ್ತು. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಪೇದೆಯ ಕಡೆ ತಿರುಗಿ ಸಿಡುಕಿದರು.

"ರೀ, ಆ ನಲ್ಲಿ ಹಾಕ್ರೀ ಮೊದ್ಲು! ಏನೂ ಕೇಳಿಸ್ತಿಲ್ಲ."

ಪೇದೆ ಹೋಗಿ ನಲ್ಲಿ ನಿಲ್ಲಿಸಿದ. ಕೋಣೆ ಗಪ್‌ಚುಪ್ಪಾಯಿತು.

"ನಿಮ್ಮ ಮನೇಲಿ ನಲ್ಲೀನ ಹಾಕ್ತಾರಾ ಸರ್?" ಎಂದೆ.

"ಹಾಕದೆ? ನೀರು ಹರೀತಾ ಇರಬೇಕಾ?"

"ವಾಲ್ವನ್ನೂ ಹಾಕ್ತೀರಿ, ಅಲ್ವಾ?"

ಅವರಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದಾಗ ಮುಖ ಬಿಳಿಚಿತು.

"ಒಂದು ಪದ ಹಿಡ್ಕೊಂಡು ನನ್ನನ್ನ ಕೊಲೆಗಾರ ಮಾಡ್ತೀರೇನ್ರೀ? ನಾನು ಮುಚ್ಚು ಅಂತಲೇ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು.

"ಮುಚ್ಚು ಅಂತಲೇ ಬರೆದ್ರಿ. ಗೊತ್ತು" ಎಂದೆ. ನನ್ನ ಧ್ವನಿ ಏರುತ್ತಿತ್ತು. ಇಳಿಸಲು ಮನಸ್ಸಾಗಲಿಲ್ಲ. "ಪದ ಯಾರ ಕೈಯಲ್ಲಾದ್ರೂ ತಪ್ಪಬಹುದು. ನನ್ನ ಕೈಯಲ್ಲೂ ತಪ್ಪಿದೆ. ಅದಕ್ಕೆ ಕಣ್ಣೀರು ಹಾಕಿ, ‘ನಾನು ಸರಿಯಾಗಿ ಬರೆಯಲಿಲ್ಲ’ ಅಂತ ಒಪ್ಪಿಕೊಂಡಿದ್ರೆ ನಿಮ್ಮ ಜೊತೆ ಕೂತು ಅಳ್ತಿದ್ದೆ. ನೀವೇನು ಮಾಡಿದ್ರಿ? ಕೆಳಗೆ ಅವಳ ಮೈ ಇನ್ನೂ ಆರಿರಲಿಲ್ಲ. ಎಲ್ಲರೂ ಆಂಬ್ಯುಲೆನ್ಸ್ ಹತ್ರ ಇದ್ರು. ನೀವು ಮೇಲೆ ಬಂದು ಮೆಸೇಜ್ ಅಳಿಸಿದ್ರಿ. ಕೂತು ನೋಟಿಸ್ ಬರೆದ್ರಿ. ನನ್ನ ನಾಲ್ಕು ನಿಯಮ ಇಟ್ಕೊಂಡು! ಹತ್ತು ನಿಮಿಷ ಅಭ್ಯಾಸ ಕೊಟ್ಟಾಗ ನಿಮ್ಮ ಹಾಳೆ ಖಾಲಿ ಇತ್ತು ಸರ್. ಅವನನ್ನ ಸಿಕ್ಕಿಸೋವಾಗ ಮಾತ್ರ ಬರವಣಿಗೆ ನೀರು ಕುಡಿದಷ್ಟು ಸಲೀಸಾಗಿ ಬಂತಾ?"

"ಮೇಡಂ ಏನೇನೋ ಕಥೆ ಕಟ್ತಿದಾರೆ ಸರ್. ಕಂಪ್ಯೂಟರ್ ಬೇಕಾದ್ರೂ ನೋಡಿ."

"ಆಫೀಸ್ ಕಂಪ್ಯೂಟರ್ ನೋಡಿದೀವಿ. ಅದರಲ್ಲಿ ಈ ನೋಟಿಸ್ ಇಲ್ಲವೇ ಇಲ್ಲ" ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಸ್ವಂತ ಲ್ಯಾಪ್‌ಟಾಪು ಕಪಾಟಲ್ಲಿದೆಯಂತೆ. ಬೀಗದ ಕೈ ಕೊಡಿ."

ಮ್ಯಾನೇಜರ್ ಕೊಡಲಿಲ್ಲ. ಅಂಗಿಯ ಜೇಬಿನ ಮೇಲೆ ಕೈ ಹೋಯಿತು, ಅಷ್ಟೇ. ಪೇದೆ ಆ ಜೇಬಿನಿಂದಲೇ ತೆಗೆದ.

ಬೆಳಿಗ್ಗೆ ಎಂಟಕ್ಕೆ ಬೋರ್ಡಿನಲ್ಲಿದ್ದ ನೋಟಿಸು ಆ ಲ್ಯಾಪ್‌ಟಾಪಿನಲ್ಲಿ ಹುಟ್ಟಿದ್ದು ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ.

"ಬಾಯ್ಲರ್ ರೂಮಲ್ಲಿ ಆಗ ಯಾರೂ ಇರಲಿಲ್ಲ" ಎಂದರು ಮ್ಯಾನೇಜರ್, ಯಾರೂ ಕೇಳದಿದ್ದರೂ. "ಅಂಟಿಸಿ ಬಂದೆ. ಅವನು ಹೇಗೂ ತಾನೇ ಮಾಡ್ದೆ ಅಂತಿದ್ದ. ಅವನೇ ಒಪ್ಕೊಂಡ ಮೇಲೆ... ಯಾರಿಗೂ ಹೆಚ್ಚಿನ ತೊಂದರೆ ಆಗದ ಹಾಗೆ..."

ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ಅವರ ವಾಕ್ಯಗಳಿಗೆ ಮುಗಿಯುವ ಅಭ್ಯಾಸವೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಹೊಸ ಹಾಳೆ ತೆಗೆದರು. ಸುಳ್ಳು ದಾಖಲೆ ಸೃಷ್ಟಿ, ಸಾಕ್ಷ್ಯನಾಶ, ನಿರ್ಲಕ್ಷ್ಯದಿಂದ ಸಾವು. ಬರೆಯುವಾಗ ಒಮ್ಮೆ ನಿಲ್ಲಿಸಿ ನನ್ನನ್ನು ಕೇಳಿದರು.

"‘ಸಂದೇಶವನ್ನು ಅಳಿಸಲಾಗಿದೆ’ ಅಂತ ಬರೀಲಾ?"

"‘ಮ್ಯಾನೇಜರ್ ಅಳಿಸಿದರು’ ಅಂತ ಬರೀರಿ."

*

ಠಾಣೆಗೆ ಹೋಗುವಷ್ಟರಲ್ಲಿ ಸಂಜೆಯ ಬಿಸಿಲು ಕಿಟಕಿಯಲ್ಲಿತ್ತು. ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಆದರೆ ಅವನಿಗೆ ವಿಷಯ ತಿಳಿಸುವ ಕೆಲಸವನ್ನು ಬೇರೆಯವರ ಬಾಯಿಗೆ ಬಿಡಲು ನನಗೆ ಧೈರ್ಯ ಬರಲಿಲ್ಲ. ಎಲ್ಲಿ ‘ನಿಮ್ಮ ಪ್ರಕರಣವನ್ನು ಮರುಪರಿಶೀಲಿಸಲಾಗಿ’ ಎಂದು ಶುರು ಮಾಡುತ್ತಾರೋ!

ಆಪರೇಟರ್ ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲು ಅಪ್ಪಿ ಕುಳಿತಿದ್ದ. ಠಾಣೆಯಲ್ಲಿ ಕೊಟ್ಟ ಊಟ ಹಾಗೆಯೇ ಇತ್ತು. ನಾನು ಕಂಬಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಮೆಸೇಜು ಕಳಿಸಿದ್ದು ಮ್ಯಾನೇಜರ್. ಅಳಿಸಿದ್ದು ಅವರೇ. ನೋಟಿಸು ಬರೆದದ್ದೂ ಅವರೇ, ನಿಮ್ಮಕ್ಕ ಸತ್ತ ಮೇಲೆ.

ಅವನಿಗೆ ಅದು ಯಾವುದೂ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಅಪ್ಪ ಹೋದ ಮೇಲೆ ನನಗೆ ಅಕ್ಷರ ಕಲಿಸಿದ್ದು ಅವಳೇ ಮೇಡಂ. ಓದೋದು ನಿಧಾನ ಆದ್ರೂ ಪರವಾಗಿಲ್ಲ, ತಪ್ಪು ಓದಬೇಡ ಅಂತಿದ್ಲು." ಎದ್ದು ಕಂಬಿಯ ಹತ್ತಿರ ಬಂದ. "ಒಂದು ಮಾತು ಹೇಳಿ. ನೀವು ಕಲಿಸೋರು, ನಿಮಗೆ ಗೊತ್ತಿರುತ್ತೆ. ನಾನು ತಪ್ಪು ಓದಿದ್ನಾ?"

"ಇಲ್ಲ. ಸರಿಯಾಗೇ ಓದಿದ್ರಿ. ಬರೆದವರು ತಪ್ಪು ಬರೆದಿದ್ರು."

ಅವನು ಕಂಬಿ ಹಿಡಿದುಕೊಂಡ. ಬೆಳಗಿನಿಂದ ಒಣಗಿದ್ದ ಕಣ್ಣು ಆಗ ತುಂಬಿ ಬಂತು. ತಡೆಯಲು ಹೋಗಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡು, ನನ್ನ ಹಿಂದೆ ನಿಂತಿದ್ದ ಇನ್ಸ್‌ಪೆಕ್ಟರನ್ನು ಕೇಳಿದ.

"ಹಾಗಾದ್ರೆ ನಾನು ಅಕ್ಕನ ಮುಖ ನೋಡಬಹುದಾ ಸರ್?"

ಇನ್ಸ್‌ಪೆಕ್ಟರ್ ಬೀಗ ತೆಗೆದರು.